ಖಾಲಿ ಜಾಗದ ದರ

ಶಾರ್ಜಾದ ರೋಲಾ ಹಿಂದಿನ ಗಲ್ಲಿಯಲ್ಲಿ
ಫ್ರೇಮು ಕಟ್ಟುವ ಅಂಗಡಿ. ಆಗಸ್ಟಿನ ಮಧ್ಯಾಹ್ನ,
ಗಾಜಿನ ಮೇಲೆ ಒರೆಸಿದಷ್ಟೂ ಕೂರುವ ಮರಳು.
ಟೈಲ್ಸ್ ಮಾರುವ ಚೀನೀ ಹೆಂಗಸು ಶ್ಯೂಲಾನ್
ಕಂಕುಳಲ್ಲಿ ಸುರುಳಿ ಇಟ್ಟುಕೊಂಡು ಬಂದಳು.

ಬಿಚ್ಚಿದರೆ, ಕೆಳಗಿನ ಮೂಲೆಯಲ್ಲಿ ಗೇಣುದ್ದದ ಮುದುಕ,
ಊರುಗೋಲಿಗೆ ಕಟ್ಟಿದ ಸೋರೆಬುರುಡೆ,
ತಲೆಯ ಮೇಲೊಂದು ಬಾವಲಿ.
ಉಳಿದದ್ದೆಲ್ಲ ಬರೀ ಕಾಗದ.

ಸ್ಕೇಲು ಹಚ್ಚಿ ಅಂದೆ:
ಮೇಲಿನದನ್ನು ಮಡಚೋಣ, ಗಾಜು ಉಳಿಯುತ್ತೆ,
ನಿಮಗೂ ನಲವತ್ತು ದಿರ್ಹಮ್ ಕಡಿಮೆ.
ಆಕೆ ನನ್ನ ಕೈ ಹಿಡಿದಳು. ಗಟ್ಟಿ ಹಿಡಿತ.
'ಅದೇ ಚಿತ್ರ. ಮುದುಕ ಅದರ ಗುರುತು, ಅಷ್ಟೇ.'

ಬಾವಲಿ ಯಾಕೆ? ನಮ್ಮಲ್ಲಿ ಮನೆ ಹೊಕ್ಕರೆ ಅಪಶಕುನ.
'ನಮ್ಮಲ್ಲಿ ಅದಕ್ಕೂ ಭಾಗ್ಯಕ್ಕೂ ಒಂದೇ ಉಚ್ಚಾರ.'
ಫೂ, ಎಂದು ತುಟಿ ಮುಂದೆ ಮಾಡಿ ಹೇಳಿದಳು,
ಗಾಜಿನ ಮರಳು ಹಾರಿತು.

ಬುರುಡೆ? ಹರಕು ಹಿಂದಿಯಲ್ಲಿ,
ಹಿಂದಿ ಮುಗಿದಲ್ಲಿ ಕೈಯಲ್ಲಿ:
ಪೇಟೆಯಲ್ಲಿ ಔಷಧಿ ಮಾರುತ್ತಿದ್ದನಂತೆ ಮುದುಕ.
ಅಂಗಡಿಗಳು ಮುಚ್ಚಿದ ಮೇಲೆ, ಯಾರೂ ನೋಡದಾಗ,
ಬಾಗಿಲಿಗೆ ತೂಗುಹಾಕಿದ ಬುರುಡೆಯೊಳಕ್ಕೆ ಜಿಗಿಯುವನಂತೆ.
ಒಳಗೆ ಮಹಲು, ಕೆರೆ, ತನ್ನದೇ ಒಂದು ಸೂರ್ಯ.

ನಗು ಬಂತು. ಬುರುಡೆ ನನಗೆ ಗೊತ್ತು.
ಜಮಖಂಡಿ ಕಡೆ, ಕೃಷ್ಣೆ ತುಂಬಿದ ವರ್ಷ,
ದೊಡ್ಡಪ್ಪ ಒಣಬುರುಡೆ ಎರಡು ಬೆನ್ನಿಗೆ ಬಿಗಿದು
ಎತ್ತಿ ಹೊಳೆಗೆ ಒಗೆದಿದ್ದ.
'ತಿರುಳು ತೆಗದೀನಲೇ, ಮುಳುಗಂಗಿಲ್ಲ, ಕೈ ಬಡಿ!'
ತಿರುಳಿದ್ದದ್ದು ಪಲ್ಯಕ್ಕೆ ಹೋಗಿತ್ತು.
ಹೊಳೆ ದಾಟಿಸಿದ್ದು ಉಳಿದದ್ದು.

ಇದನ್ನು ಹೇಳಲು ನನ್ನ ಹಿಂದಿಯೂ ಸಾಲದು.
ಬೆನ್ನಿಗೆ ಎರಡು ಪೇಂಟಿನ ಡಬ್ಬಿ ಹಿಡಿದು
ಗಾಳಿಯಲ್ಲಿ ಈಜಿ ತೋರಿಸಿದೆ.
ಚಿತ್ತಗಾಂಗಿನ ಮೊಫಿಜುಲ್ ಹೆದರಿ ನನಗೆ ಚಹಾ ತಂದ.
ಆಕೆ ಮಾತ್ರ ನಗಲಿಲ್ಲ, ತಲೆಯಾಡಿಸಿದಳು.

ಪೂರ್ತಿ ಕಾಗದ, ಪೂರ್ತಿ ಗಾಜು.
ಬಿಲ್ಲಿನಲ್ಲಿ ಖಾಲಿ ಜಾಗಕ್ಕೂ
ಚದರಡಿಗೆ ಅಷ್ಟೇ ದರ ಹಾಕಿದೆ.
ಅಂಗಡಿಯ ನಿಯಮ ಅದು, ದರ್ಶನವೇನಲ್ಲ.
ಆಕೆ ಚೌಕಾಸಿ ಮಾಡಿದ್ದು
ಮುದುಕನಿರುವ ಮೂಲೆಗೆ ಮಾತ್ರ.

ರಾತ್ರಿ ರೂಮು: ಎಂಟು ಜನ, ಒಂದರ ಮೇಲೊಂದು ಮಂಚ,
ನನ್ನದು ಮೇಲಿನದು, ಆರಡಿಗೆ ಎರಡೂವರೆ,
ಸುತ್ತ ಹಳೆಯ ಬೆಡ್‌ಶೀಟಿನ ಪರದೆ.
ದೀಪ ಆರಿದ ಮೇಲೆ, ಯಾರೂ ನೋಡದಾಗ,
ಚಪ್ಪಲಿ ಕೆಳಗೆ ಬಿಟ್ಟು ಒಳಕ್ಕೆ ಜಿಗಿದೆ.

ಮಹಲಿರಲಿಲ್ಲ.
ಸೂರ್ಯನೆಂದರೆ ಚಾರ್ಜರಿನ ಕೆಂಪು ಚುಕ್ಕೆ.
ಆದರೂ ಬೆನ್ನ ಮೇಲೆ, ಹಿಂದೆ ಹುರಿ ಬಿಗಿದಿದ್ದ ಕಡೆ,
ಏನೋ ಟೊಳ್ಳಾದದ್ದು ಮೆಲ್ಲಗೆ ಎತ್ತುತ್ತಿತ್ತು.

ಕೆಳಗಿನ ಮಂಚದಿಂದ ಮೊಫಿಜುಲ್ ಕೇಳಿದ:
ಯಾಕೆ ಕೈ ಬಡಿಯುತ್ತಿದ್ದೀ?