ಇಲ್ಲಿ ಇಲ್ಲ

ಮೋರ್ಕಮ್ಮಿನಲ್ಲಿ ಕಡಲು ದಿನಕ್ಕೆರಡು ಸಲ
ಅಂಗಡಿ ಮುಚ್ಚಿ ಹೋಗುತ್ತದೆ, ಮೈಲುಗಟ್ಟಲೆ ಕೆಸರು ಬಿಟ್ಟು.
ಹಡಗಿನ ಅಡುಗೆ ಸಾಕಾಗಿ ನಾನಿಲ್ಲಿ ಮನೆ ಕೊಂಡಾಗ
ಬೀದಿಯಲ್ಲಿ ನಾಲ್ಕೇ ವಸತಿಮನೆ ಉಳಿದಿದ್ದವು,
ನಾಲ್ಕು ಕಿಟಕಿ, ನಾಲ್ಕು ಬೋರ್ಡು:
‘ಖಾಲಿ’ ಸದಾ ಉರಿಯುವುದು,
‘ಇಲ್ಲ’ ಎಂಬುದಕ್ಕೆ ಬೇರೆ ಸ್ವಿಚ್ಚು.
ನನ್ನ ‘ಇಲ್ಲ’ದ ಬಲ್ಬಿಗೆ ಮೂರು ವರ್ಷ ಕೆಲಸವಿರಲಿಲ್ಲ.

ಎದುರಿನ ಮೇವಿಸ್ ಥ್ರೆಲ್‌ಫಾಲ್ ಒಂದು ಪೌಂಡು ಇಳಿಸಿದಳು.
ನಾನು ಎರಡು.
ಪಕ್ಕದ ಬೊಜೆನಾ ಸೀಮೆಸುಣ್ಣದಲ್ಲಿ ಬರೆದಳು: ಎರಡು ಮೊಟ್ಟೆ.
ನಾನು ಬರೆದೆ: ಎರಡು ಮೊಟ್ಟೆ, ಅಣಬೆ, ಹುರಿದ ಬ್ರೆಡ್ಡು.
ತಟ್ಟೆ ತುಂಬುತ್ತ ಹೋಯಿತು, ಗಲ್ಲಾ ತಳ ಕಂಡಿತು.
ಪರದೆಯ ಸಂದಿಯಿಂದ ನಾವು
ಒಬ್ಬರ ಹೊಸಿಲ ಸೂಟ್‌ಕೇಸು ಇನ್ನೊಬ್ಬರು ಎಣಿಸುತ್ತಿದ್ದೆವು.

ಫೆಬ್ರವರಿಯ ಒಂದು ರಾತ್ರಿ ಮೇವಿಸಳ ಬಾಯ್ಲರ್ ಕೈಕೊಟ್ಟಿತು.
ಬಾಗಿಲು ತೆರೆದರೆ ನೈಟಿಯ ಮೇಲೆ ಗಂಡನ ಹಳೇ ಕೋಟು,
ಹಿಂದೆ ಐದು ಜನ, ಹಕ್ಕಿ ನೋಡಲು ಬಂದವರು,
ದುರ್ಬೀನು ಕೊರಳಲ್ಲೇ ಇದೆ, ತುಟಿ ನೀಲಿ.
“ನಿನ್ನಲ್ಲಿ ಖಾಲಿ ಇದೆಯಲ್ಲ,” ಅಂದಳು.
ಅದು ಪ್ರಶ್ನೆಯಾಗಿರಲಿಲ್ಲ. ಎದುರುಮನೆಯವಳಿಗೆ ಗೊತ್ತಿರದ್ದೇನು.
ಮೂವರು ನನ್ನಲ್ಲಿ, ಇಬ್ಬರು ಬೊಜೆನಾಳಲ್ಲಿ.
ನನ್ನ ಮನಸ್ಸು, ಸುಳ್ಳೇಕೆ, ಆಗಲೇ ಬಾಡಿಗೆ ಕೂಡಿಸುತ್ತಿತ್ತು.

ಬೆಳಿಗ್ಗೆ ಅವರು ಕೊಟ್ಟ ನೋಟು ಲಕೋಟೆಗೆ ಹಾಕಿ
ಅವಳ ಬಾಗಿಲ ಸಂದಿಗೆ ತೂರಿದೆ, ಯಾಕೋ.
ಸಂಜೆ ಅದು ನನ್ನ ಚಾಪೆಯ ಮೇಲಿತ್ತು, ಹತ್ತು ಹೆಚ್ಚಾಗಿ.
ವಾಪಸ್ ಕಳಿಸಿದೆ. ವಾಪಸ್ ಬಂತು.
ಬೊಜೆನಾಗೆ ಕೊಟ್ಟರೆ ಅವಳೂ ಒಂದಿಷ್ಟು ತುರುಕಿ ದಾಟಿಸಿದಳು.
ಈಸ್ಟರಿನ ಹೊತ್ತಿಗೆ ಲಕೋಟೆ ಹರಿಯಿತು;
ಬೊಜೆನಾಳ ನೆಲಮಾಳಿಗೆಗೆ ಬಂತು
ಮುಚ್ಚಿಹೋದ ಲಾಂಡ್ರಿಯ ದೈತ್ಯ ಒಗೆಯುವ ಯಂತ್ರ.

ಈಗ ಮೂರು ಮನೆಯ ಮಗ್ಗುಲುಹಾಸು
ಒಂದೇ ಹೊಟ್ಟೆಯಲ್ಲಿ ತಿರುಗುತ್ತವೆ.
ಮೇವಿಸಳ ತಾಯಿ ಕಸೂತಿ ಹಾಕಿದ ದಿಂಬಿನ ಚೀಲ
ನನ್ನ ಮೂರನೇ ಕೋಣೆಯಲ್ಲಿ;
ನನ್ನ ಟವೆಲ್ಲು ಎಲ್ಲಿ ಯಾರ ಬೆನ್ನು ಒರೆಸುತ್ತಿದೆಯೋ.
ಜಗಳವಿಲ್ಲವೆಂದಲ್ಲ. ಬೊಜೆನಾ ಗಂಜಿ ಹೆಚ್ಚು ಹಾಕುತ್ತಾಳೆ.
ಮೇವಿಸ್ ಗೊರಕೆಯವರನ್ನು ಆರಿಸಿ ನನಗೇ ಕಳಿಸುತ್ತಾಳೆ.

ನಾಲ್ಕನೆಯವ, ಕ್ಲೆಗ್, ಸೇರಲಿಲ್ಲ.
ಅವನ ಬೋರ್ಡಿನಲ್ಲಿ ದರ ಇನ್ನೂ ನಮಗಿಂತ ಒಂದು ಪೌಂಡು ಕೆಳಗೆ.
ನಮ್ಮನ್ನು ಕಂಡರೆ ಕಸದ ಡಬ್ಬಿಯ ಜೊತೆ ಮಾತಾಡುತ್ತಾನೆ.

ಮೊನ್ನೆ ಹನ್ನೊಂದರ ಮೇಲೆ ಒಬ್ಬಳು ಬಂದಳು,
ಸೈಕಲ್ಲು, ಒದ್ದೆ ಕಾಲುಚೀಲ, ಕೊನೆಯ ರೈಲು ತಪ್ಪಿ.
ಮೂರೂ ಕಿಟಕಿಯಲ್ಲಿ ‘ಇಲ್ಲ’ ಉರಿಯುತ್ತಿತ್ತು.
“ಇಲ್ಲ,” ಎಂದೆ, ಟಾರ್ಚು ಹುಡುಕುತ್ತ,
“ಇಲ್ಲಿ ಇಲ್ಲ. ಅಲ್ಲಿ ಇದೆ.”
ಗಾಳಿಗೆ ತಲೆ ತಗ್ಗಿಸಿ ಹೋಗಿ ಕ್ಲೆಗ್‌ನ ಗಂಟೆ ಒತ್ತಿದೆ.
ಸೈಕಲ್ಲು ಒಳಗೆಳೆದುಕೊಂಡ. ಥ್ಯಾಂಕ್ಸ್ ಅನ್ನಲಿಲ್ಲ.

ಬೆಳಿಗ್ಗೆ ನನ್ನ ಹೊಸಿಲಲ್ಲಿ ಕಾಗದದ ಪೊಟ್ಟಣ: ಅಣಬೆ.
ನನ್ನವಕ್ಕಿಂತ ಒಳ್ಳೆಯವು, ಹಾಳಾದವು.