ಹೊಗೆ ತಪಾಸಣೆ, ಪಿ.ಬಿ. ರಸ್ತೆ

ದಾವಣಗೆರೆಯ ಪೆಟ್ರೋಲ್ ಬಂಕೊಂದರ ಮೂಲೆಯಲ್ಲಿ
ನಿಂತೇ ಇರುವ ಓಮ್ನಿ. ಅದೇ ನನ್ನ ಕಚೇರಿ.
ಒಂದು ಸ್ಟೂಲು, ಪ್ರಿಂಟರು, ಹೊಗೆಯ ಮಷೀನು.
ಸೈಲೆನ್ಸರಿನ ಬಾಯಿಗೆ ಕೊಳವೆ ಇಡುತ್ತೇನೆ
ಜ್ವರ ನೋಡುವವರ ಹಾಗೆ.
ಗಾಡಿ ಸುಳ್ಳು ಹೇಳುವುದಿಲ್ಲ.

ಚೌಕಿಪೇಟೆಯ ಕೊಟ್ರಬಸಪ್ಪನವರ ಬಿಳಿ ಕಾರು.
ಕಾರ್ಬನ್ ಮಾನಾಕ್ಸೈಡು ಎರಡೂವರೆ.
ಅರ್ಧವೂ ಇರಬಾರದಿತ್ತು.
"ನಿನ್ ಮಷೀನಾ ಕೆಟ್ಟೈತಿ ತಗಾ."

ಬಗ್ಗಿ, ಕಾರಿನ ಹೊಟ್ಟೆಯನ್ನು ಸ್ಪ್ಯಾನರಿನಿಂದ ತಟ್ಟಿದೆ.
ತಿಂಗಳ ಕೊನೆಯ ಅಕ್ಕಿ ಡಬ್ಬಿಯ ಸದ್ದು.

"ಇದರೊಳಗೆ ಪಿಂಗಾಣಿ ಜೇನುಗೂಡು ಇರ್ತತ್ರಿ, ಸಾವಿರಾರು ಕಿಂಡಿ.
ಗೋಡೆಗೆ ಪ್ಲಾಟಿನಮ್ಮು, ರೋಡಿಯಮ್ಮು
ಮದರಂಗಿಗಿಂತ ತೆಳ್ಳಗೆ.
ಅರೆ ಬೆಂದ ಪೆಟ್ರೋಲು, ಉಸಿರು ಕಟ್ಟಿಸೋ ಗಾಳಿ
ಅದನ್ನ ಸವರಿಕೊಂಡು ಹೋದ್ರೆ
ನೀರಿನ ಆವಿ ಆಗ್ತತಿ, ಸೋಡಾದ ಗಾಳಿ ಆಗ್ತತಿ.
ಗೂಡು ಮಾತ್ರ ಖರ್ಚಾಗಂಗಿಲ್ಲ,
ಸಂಬಂಧ ಕುದುರಿಸಿ
ಉಣ್ಣದೇ ಎದ್ದು ಹೋಗೋ ಹಿರೇರಂಗ."

ಮುಂದೆ ಹೇಳಲಿಲ್ಲ:
ಗಾಳಿ ಹೆಚ್ಚಾಯ್ತು, ಪೆಟ್ರೋಲು ಹೆಚ್ಚಾಯ್ತು ಎಂದು
ಕ್ಷಣಕ್ಷಣಕ್ಕೂ ಎಂಜಿನ್ನಿಗೆ ಚಾಡಿ ಹೇಳುವ ಸೆನ್ಸರಿನ ಮಾತು,
ನಿಂತ ಕಾರಿನ ಟ್ಯಾಂಕಿನಿಂದ
ಏಪ್ರಿಲ್ ಬಿಸಿಲಿಗೆ ಏಳುವ ಆವಿಯನ್ನು
ಹೀರಿಟ್ಟುಕೊಂಡು, ಓಡುವಾಗ ಹಿಂತಿರುಗಿಸುವ
ಇದ್ದಿಲ ಡಬ್ಬಿಯ ಮಾತು.
ಇದ್ದಿಲೂ ಸಾಲ ತೀರಿಸುತ್ತದೆ.

ಅವರು ಕನ್ನಡಕ ಒರೆಸಿಕೊಂಡರು.
"ಗ್ಯಾರೇಜಿನ ಹುಡುಗ ತೆಗೆದ. ಮೈಲೇಜು ಬರ್ತತಿ ಅಂದ.
ಮೇಲೆ ಅವನಾ ಮೂರು ಸಾವಿರ ಕೊಟ್ಟ.
ಗುಜರಿ ಮಾಲಿಗೆ ಯಾಕಿಷ್ಟು ಅಂತ
ನಾನೂ ಕೇಳಲಿಲ್ಲ."
ಐನೂರರ ನೋಟನ್ನು ಪ್ರಿಂಟರಿನ ಕೆಳಗೆ ಸರಿಸಿದರು.

ನನ್ನ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತಾರು ವರ್ಷ.
ಒಲೆಗೆ ಭತ್ತದ ಹೊಟ್ಟು, ಕೆಲವು ರಾತ್ರಿ ಹಳೇ ಟೈರು.
ಬೆಳಗಿನ ಜಾವ ಬಚ್ಚಲಲ್ಲಿ ಕೆಮ್ಮುವಾಗ
ಗೋಡೆಯಾಚೆ ಕೂತು ಎಣಿಸುತ್ತೇನೆ, ಅಭ್ಯಾಸ.
ಆ ಚಿಮಣಿಗೆ ಮುಟ್ಟಿಸಲು
ನನ್ನ ಕೊಳವೆ ಉದ್ದ ಸಾಲದು.

ನೋಟು ಹಿಂದಕ್ಕೆ ತಳ್ಳಿದೆ.
ಚೀಟಿ ಬಿಸಿಯಾಗಿ ಹೊರಬಂತು: ಫೇಲ್.
ಕೆಳಗೆ ನನ್ನ ಸಹಿ, ಮುಬೀನಾ.

ಅವರು ಬೈಯಲಿಲ್ಲ. ಎದುರಿನ ಗಾಡಿಗೆ ಹೋಗಿ
ಒಂದು ಪ್ಲೇಟ್ ಖಾರ ಮಂಡಕ್ಕಿ ತಂದು
ಕಾರಿಗೆ ಒರಗಿ ತಿಂದರು,
ನನ್ನ ಕಡೆಗೂ ಚಾಚಿದರು.

ಒಂದು ಹಿಡಿ ತಗೊಂಡೆ.
ಬೆಳ್ಳಗಿತ್ತು, ಹಗುರವಾಗಿತ್ತು.
ಯಾರ ಭಟ್ಟಿಯದೋ.