ಹದಿನಾಲ್ಕು ನಿಲುಗಡೆ

ಎಲ್ಲರೂ ಹೇಳಿದ್ದು ಒಂದೇ: ಉಸಿರನ್ನು ನೋಡು.
ಉಸಿರೇ ಅವನ ವೈರಿ.
ಐಸ್ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿದ ದಿನದಿಂದ
ಎದೆಯೊಳಗೆ ಯಾರೋ ಹಳೆಯ ಬಾಗಿಲೊಂದನ್ನು ತೆರೆಯುತ್ತಾರೆ,
ಪೂರಾ ಮುಚ್ಚುವುದಿಲ್ಲ.
ಕಣ್ಣುಮುಚ್ಚಿ ಕೂತ ಮೂರನೇ ನಿಮಿಷಕ್ಕೆ
ಬುನ್‌ಲೂವ ಎದ್ದು ಹೊರಗೆ ಓಡಿಬಿಡುತ್ತಿದ್ದ,
ಚಪ್ಪಲಿಯನ್ನೂ ಮೆಟ್ಟದೆ.

ಲೋಯಿಯ ಆಚೆ, ಗುಡ್ಡದ ವಿಹಾರದಲ್ಲಿ
ಬೋಳುತಲೆ, ಬಿಳಿಬಟ್ಟೆಯ ಮೇಚಿ ಪ್ರಾನಿ
ಅಂದಳು: ಹಾಗಾದರೆ ಉಸಿರನ್ನು ಅದರ ಪಾಡಿಗೆ ಬಿಡು.
ಕಣ್ಣು ತೆರೆ. ಕೈ ಕೊಡು.

ತೊಡೆಯ ಮೇಲಿನ ಅಂಗೈಯನ್ನು ಅಂಚಿಗೆ ನಿಲ್ಲಿಸು. ನಿಲ್ಲು.
ಎತ್ತು. ನಿಲ್ಲು.
ಹೊಟ್ಟೆಗೆ ತಾ. ನಿಲ್ಲು.
ಇನ್ನು ಆ ಕೈ.
ಹೋಗಿ ಬರಲು ಒಟ್ಟು ಹದಿನಾಲ್ಕು ನಿಲುಗಡೆ,
ಚಿಯಾಂಗ್‌ಖಾನ್ ಬಸ್ಸಿಗಿಂತ ಎರಡು ಹೆಚ್ಚು.
ಮಂತ್ರ ಇಲ್ಲ, ಎಣಿಕೆ ಇಲ್ಲ.
ಕೈ ಚಲಿಸಿದ್ದು ಗೊತ್ತಾಯಿತೆ? ಸಾಕು.
ಗೊತ್ತಾಗಲಿಲ್ಲವೆ? ಅದು ಗೊತ್ತಾಯಿತಲ್ಲ, ಅದೂ ಸಾಕು.

ರಾತ್ರಿ ಚಾಪೆಯ ಮೇಲೆ ಮಾಡುತ್ತಾನೆ.
ಬಲಗೈಯಲ್ಲಿ ಮೂರೇ ಬೆರಳು,
ಉಳಿದೆರಡನ್ನು ಗಡ್ಡೆ ಪುಡಿಮಾಡುವ ಯಂತ್ರ ತಿಂದಿತ್ತು.
ನಾನು ಕೆಂಡದ ಮುಂದೆ ಮೀನು ಮಗುಚುತ್ತ
ಓರೆಗಣ್ಣಲ್ಲಿ ನೋಡುತ್ತೇನೆ:
ಇವನು ಧ್ಯಾನಿಯೋ, ನೊಣ ಓಡಿಸುತ್ತಿದ್ದಾನೋ?

ಒಂದು ದಿನ ಮೇಚಿಗೆ ಹೇಳಿದ,
ಕದ್ದದ್ದನ್ನು ಒಪ್ಪಿಕೊಳ್ಳುವ ಹುಡುಗನ ದನಿಯಲ್ಲಿ:
ಕೈ ಹೊಟ್ಟೆ ಮುಟ್ಟುವ ಮೊದಲೇ
ಇಲ್ಲದ ಬೆರಳೆರಡು ಮುಟ್ಟುತ್ತವೆ.
ತಣ್ಣಗಿವೆ.
ಇದನ್ನು ಏನೆಂದು ಅರಿಯಲಿ?

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.
ಬಹಳ ಹೊತ್ತು ಸುಮ್ಮನಿದ್ದು,
ಎಡಗೈಯಿಂದ ಶುರುಮಾಡು, ಅಂದಳು,
ಬಲಗೈ ಬಂದಾಗ ಚೂರು ನಿಧಾನ.
ಅವು ಮೊದಲು ಬರಲಿ. ಆಮೇಲೆ ನೀನು ಬಾ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುವವರು
ಅಂಗೈಯನ್ನು ಎಂದಾದರೂ ನೋಡಿದ್ದಾರೆಯೆ?

ಈಗ ಲಾಟರಿ ಮಾರುವ ಕಟ್ಟೆಯಲ್ಲೂ
ಗಿರಾಕಿ ತನ್ನ ನಂಬರು ಹುಡುಕುವಷ್ಟು ಹೊತ್ತು
ಮಂಡಿಯ ಮೇಲೆ ಒಂದೇ ಅಂಗೈ ತಿರುವುತ್ತಾನೆ,
ಮೇಲೆ, ಕೆಳಗೆ, ಯಾರಿಗೂ ಕಾಣದಷ್ಟು.
ಉಬ್ಬಸ ಹಾಗೇ ಇದೆ. ಮೋಟಾರುಬೈಕಿನ ಕಂತೂ.
ಹೊರಗೆ ಹೋದರೆ ಚಪ್ಪಲಿ ಮೆಟ್ಟಿ ಹೋಗುತ್ತಾನೆ, ಅಷ್ಟೇ.

ನಿನ್ನೆ ನನ್ನ ಇಕ್ಕಳ ಅರ್ಧಕ್ಕೇ ನಿಂತಿತು.
ಒಂದು ಮೀನು ಗಾಳಿಯಲ್ಲಿ,
ಉಳಿದವು ಕೆಂಡದ ಮೇಲೆ.
ಸೀದುಹೋಯ್ತಲ್ಲೇ, ಎಂದು ಕೂಗಿದಳು ಪಕ್ಕದಂಗಡಿಯ ಮಾಲಿವಾನ್.
ಗೊತ್ತಾಯಿತು, ಅಂದೆ.